ಲೀಟರಿಗೆ ಎಷ್ಟು ದೂರ? ಗಾಲಿ ಹೇಳುವ ಲೆಕ್ಕ

ಬಾಗಲಕೋಟೆಯಿಂದ ಬೆಳಗಿನ ತಂಪಿನಲ್ಲಿ ಹೊರಟ ಬಾಡಿಗೆಯ ಕಾರು ಬಾದಾಮಿಯ ಕೆಂಬಂಡೆಗಳ ಬುಡಕ್ಕೆ ಬಂದು ನಿಲ್ಲುವ ಹೊತ್ತಿಗೆ ಬಿಸಿಲು ಏರತೊಡಗಿರುತ್ತದೆ. ಪ್ರವಾಸಿಗರು ಮೇಣಬಸದಿಗಳ ಮೆಟ್ಟಿಲು ಹತ್ತಿ ಹೋದರೆಂದರೆ ಚಾಲಕನಿಗೆ ಒಂದೆರಡು ಗಂಟೆಗಳ ಬಿಡುವು. ಮರದ ನೆರಳಿನಲ್ಲಿ ನಾಲ್ಕಾರು ಮಂದಿ ಚಾಲಕರು ಕೂಡಿದಾಗ ಮಾತು ಮಳೆ ಬೆಳೆಗಳಿಂದ ಆರಂಭವಾದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: "ನಿನ್ನ ಗಾಡಿ ಲೀಟರಿಗೆ ಎಷ್ಟು ಕೊಡತೈತಿ?"

ಈ ಪ್ರಶ್ನೆಯನ್ನು ಹಿಂಬಾಲಿಸಿ ಬರುವ ದೂರೂ ಬಹುಮಟ್ಟಿಗೆ ಒಂದೇ ಬಗೆಯದು. "ಹೊಸ ಟಯರು ಹಾಕಿಸಿದೆ, ಅಂದಿನಿಂದ ಮೈಲೇಜು ಇಳಿಯಿತು." ಮತ್ತೊಬ್ಬನ ಸಲಹೆ ಸಿದ್ಧವಾಗಿಯೇ ಇರುತ್ತದೆ: "ದೊಡ್ಡ ಅಳತೆಯ ಟಯರು ಹಾಕಿಸು, ಗಾಲಿ ಒಂದು ಸುತ್ತು ಸುತ್ತಿದರೆ ಗಾಡಿ ಹೆಚ್ಚು ದೂರ ಹೋಗುತ್ತದೆ, ಎಂಜಿನು ಕಡಿಮೆ ತಿರುಗುತ್ತದೆ, ಎಣ್ಣೆ ಉಳಿಯುತ್ತದೆ." ಮೂರನೆಯವನು ತಲೆಯಲ್ಲಾಡಿಸುತ್ತಾನೆ: "ಟಯರಿನಿಂದ ಏನೂ ಆಗದು, ಎಲ್ಲವೂ ಕಾಲಿನಲ್ಲಿದೆ."

ಮೂವರ ಮಾತಿನಲ್ಲಿಯೂ ಒಂದಿಷ್ಟು ಸತ್ಯವುಂಟು; ಯಾರ ಮಾತೂ ಪೂರ್ಣ ಸತ್ಯವಲ್ಲ. ಇದು ಹೊತ್ತು ಕಳೆಯುವ ಹರಟೆಯೂ ಅಲ್ಲ. ಬಾಗಲಕೋಟೆ, ಬಾದಾಮಿ, ಪಟ್ಟದಕಲ್ಲು, ಐಹೊಳೆ, ಅಮೀನಗಡ, ಹುನಗುಂದ, ಇಳಕಲ್ಲು ಎಂದು ದಿನವಿಡೀ ಸುತ್ತುವ ಚಾಲಕನ ಸಂಪಾದನೆ ಕಿಲೋಮೀಟರಿನ ಲೆಕ್ಕದಲ್ಲಿ ಬರುತ್ತದೆ, ಲೀಟರಿನ ಲೆಕ್ಕದಲ್ಲಿ ಹೋಗುತ್ತದೆ. ಇವೆರಡರ ನಡುವಿನ ಅಂತರವೇ ಅವನ ಮನೆಯ ರೊಟ್ಟಿ. ಆದುದರಿಂದ ಲೀಟರಿಗೆ ಎಷ್ಟು ದೂರ ಎಂಬ ಪ್ರಶ್ನೆಯನ್ನು ತುಸು ನಿಧಾನವಾಗಿ ವಿಚಾರಿಸಿ ನೋಡೋಣ.

ಗಾಲಿಯೇ ಅಳತೆಗೋಲು

ಕಾರು ಎಷ್ಟು ದೂರ ಹೋಯಿತೆಂದು ಕಾರಿಗೆ ತಿಳಿಯುವ ಬಗೆ ಹೇಗೆ? ಅದಕ್ಕೆ ರಸ್ತೆಯನ್ನು ಅಳೆಯುವ ಕಣ್ಣಿಲ್ಲ. ಗಾಲಿಯೊಂದಿಗೆ ತಿರುಗುವ ಭಾಗಗಳು ಎಷ್ಟು ಸುತ್ತು ತಿರುಗಿದವೆಂಬುದನ್ನು ಎಣಿಸಿ, ಒಂದು ಸುತ್ತಿಗೆ ಇಷ್ಟು ದೂರ ಎಂದು ಗುಣಿಸಿ, ದೂರಮಾಪಕವು ಅಂಕಿಯನ್ನು ತೋರಿಸುತ್ತದೆ. ಇದು ಬಹು ಹಳೆಯ ಉಪಾಯ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಶಿಲ್ಪಶಾಸ್ತ್ರಜ್ಞ ವಿಟ್ರೂವಿಯಸನು ಇಂಥ ಬಂಡಿಯೊಂದನ್ನು ವರ್ಣಿಸಿದ್ದಾನೆ. ಅದರ ಗಾಲಿ ಒಂದು ಸುತ್ತಿಗೆ ಹನ್ನೆರಡೂವರೆ ಅಡಿ ಉರುಳುತ್ತದೆ. ೪೦೦ ಸುತ್ತಾದಾಗ ೫೦೦೦ ಅಡಿಯ ಒಂದು ರೋಮನ್ ಮೈಲಿ ಮುಗಿದು, ಪೆಟ್ಟಿಗೆಯಿಂದ ಕಲ್ಲಿನ ಗುಂಡೊಂದು ಪಾತ್ರೆಯೊಳಗೆ ಬೀಳುತ್ತದೆ. ಗುಂಡುಗಳನ್ನೆಣಿಸಿದರೆ ಮೈಲಿಗಳು ದೊರೆತವು!

ಇಂದಿನ ಕಾರಿನಲ್ಲಿ ಕಲ್ಲಿನ ಗುಂಡಿನ ಬದಲು ವಿದ್ಯುತ್ ಸಂಕೇತವಿದೆ. ತತ್ತ್ವ ಮಾತ್ರ ಅದೇ. ವಿಟ್ರೂವಿಯಸನ ಬಂಡಿಗೆ ಇದ್ದ ದೌರ್ಬಲ್ಯವೂ ಅದೇ. ಗಾಲಿಯ ಸುತ್ತಳತೆ ಬದಲಾದರೆ ಯಂತ್ರಕ್ಕೆ ಅದು ತಿಳಿಯದು. ಅದು ಹಳೆಯ ಗುಣಾಕಾರವನ್ನೇ ಮುಂದುವರಿಸುತ್ತದೆ.

ಈಗ ನಮ್ಮ ಮೊದಲನೆಯ ಚಾಲಕನ ದೂರನ್ನು ಪರೀಕ್ಷಿಸೋಣ. ಅನೇಕ ಸಣ್ಣ ಕಾರುಗಳಿಗೆ ೧೬೫/೮೦ ಆರ್ ೧೪ ಎಂಬ ಅಳತೆಯ ಟಯರು ಇರುತ್ತದೆ. ಟಯರಿನ ಮಗ್ಗುಲಲ್ಲಿ ಅಚ್ಚಾಗಿರುವ ಈ ಅಂಕಿಗಳ ಅರ್ಥ ಕಠಿಣವಲ್ಲ. ಟಯರಿನ ಅಗಲ ೧೬೫ ಮಿಲಿಮೀಟರು. ಮಗ್ಗುಲ ಗೋಡೆಯ ಎತ್ತರ ಆ ಅಗಲದ ಶೇಕಡಾ ೮೦, ಎಂದರೆ ೧೩೨ ಮಿಲಿಮೀಟರು. ಒಳಗಿನ ಲೋಹದ ಚಕ್ರದ ವ್ಯಾಸ ೧೪ ಅಂಗುಲ. 'ಆರ್' ಎಂಬ ಅಕ್ಷರವು ಟಯರಿನೊಳಗಿನ ಎಳೆಗಳು ಚಕ್ರದ ಅರಗಳಂತೆ ನಡುವಿನಿಂದ ಹೊರಕ್ಕೆ ಹಾಯ್ದಿವೆಯೆಂಬುದನ್ನು, ಎಂದರೆ ಅದು ರೇಡಿಯಲ್ ಟಯರು ಎಂಬುದನ್ನು ಸೂಚಿಸುತ್ತದೆ. ಎಲ್ಲವನ್ನೂ ಕೂಡಿಸಿದರೆ ಹೊರವ್ಯಾಸ ಸುಮಾರು ೬೨೦ ಮಿಲಿಮೀಟರು, ಸುತ್ತಳತೆ ೧.೯೫ ಮೀಟರು. ಕಿಲೋಮೀಟರಿಗೆ ಹೆಚ್ಚುಕಡಮೆ ೫೧೪ ಸುತ್ತು.

ಹೊಸ ಟಯರಿನ ಅಚ್ಚುಗೆರೆಗಳ ಆಳ ಸುಮಾರು ೮ ಮಿಲಿಮೀಟರು. ಅದು ಸವೆದು ಕಾನೂನಿನ ಕೊನೆಯ ಮೇರೆಯಾದ ೧.೬ ಮಿಲಿಮೀಟರಿಗೆ ಇಳಿದಾಗ ವ್ಯಾಸದಲ್ಲಿ ಹದಿಮೂರು ಮಿಲಿಮೀಟರಿನಷ್ಟು ಕಡಿಮೆಯಾಗಿರುತ್ತದೆ. ಕಾಗದದ ಲೆಕ್ಕದಲ್ಲಿ ಇದು ಶೇಕಡಾ ಎರಡು. ಸವೆದ ಗಾಲಿ ಅಷ್ಟೇ ದಾರಿಗೆ ಹೆಚ್ಚು ಸುತ್ತು ತಿರುಗುವುದರಿಂದ, ನಿಜವಾಗಿ ೨೦೦ ಕಿಲೋಮೀಟರು ಹೋದ ಕಾರಿನ ದೂರಮಾಪಕ ೨೦೪ ಎಂದು ತೋರಿಸೀತು. ಟಯರು ಸವೆದಂತೆಲ್ಲ ಮೈಲೇಜು ಕಾಗದದ ಮೇಲೆ ತಾನಾಗಿಯೇ ಏರುತ್ತ ಬರುತ್ತದೆ! ಚಾಲಕನಿಗೆ ಸಂತೋಷ. ಹೊಸ ಟಯರು ಹಾಕಿಸಿದ ದಿನ ಅಳತೆ ಸರಿಯಾಗುತ್ತದೆ; ಮೈಲೇಜು ಕುಸಿದಂತೆ ಕಾಣುತ್ತದೆ. ಕಳ್ಳತನವಾದದ್ದು ಇಂದಲ್ಲ, ಇಲ್ಲದ ಹಣ ಇಷ್ಟು ದಿನ ಪೆಟ್ಟಿಗೆಯಲ್ಲಿ ಇದೆಯೆಂದು ಭ್ರಮಿಸಿದ್ದೆವು, ಅಷ್ಟೆ.

ಆದರೆ ದೂರಿನಲ್ಲಿ ಸತ್ಯಾಂಶವೂ ಇದೆ. ಹೊಸ ಟಯರಿನ ದಪ್ಪನೆಯ ರಬ್ಬರು ನೆಲಕ್ಕೆ ತಾಗಿದಾಗಲೆಲ್ಲ ಹೆಚ್ಚು ನುಲಿದು ಹಿಗ್ಗುವುದರಿಂದ ಅದರ ಉರುಳುವ ತಡೆ ಸವೆದ ಟಯರಿಗಿಂತ ಅಧಿಕ. ಹೀಗೆ ದೂರಿನ ಒಂದು ಭಾಗ ನಿಜ, ಒಂದು ಭಾಗ ಅಳತೆಯ ಮೋಸ. ಆದುದರಿಂದ ಸವೆದ ಟಯರನ್ನೇ ಮೈಲೇಜಿನ ಆಸೆಯಿಂದ ಓಡಿಸುವುದು ಜಾಣತನವಲ್ಲ. ಮೊದಲ ಮಳೆಗೆ ನೆನೆದ ರಸ್ತೆಯಲ್ಲಿ ನೀರನ್ನು ಹೊರಚೆಲ್ಲುವುದು ಆ ಗೆರೆಗಳೇ. ಅಲ್ಲಿ ಹೋಗುವುದು ಎಣ್ಣೆಯಲ್ಲ, ಪ್ರಾಣ.

ಇನ್ನೊಂದು ಸಂಗತಿಯನ್ನು ಪ್ರಯಾಣಿಕರೂ ಗಮನಿಸಬೇಕು. ಬಾಡಿಗೆಯ ಲೆಕ್ಕ ದೂರಮಾಪಕದ ಅಂಕಿಯ ಮೇಲೆ ನಡೆದಾಗ, ಸವೆದ ಟಯರಿನ ಕಾರಿನಲ್ಲಿ ಕುಳಿತವರು ಹೋಗದ ದೂರಕ್ಕೂ ಹಣ ಕೊಡುತ್ತಾರೆ. ಚಾಲಕನು ಮೋಸಗಾರನಲ್ಲ, ಪ್ರಯಾಣಿಕನು ದಾನಿಯಲ್ಲ. ನಡುವೆ ಗಾಲಿ ಮಾತ್ರ ಸುಳ್ಳಾಡುತ್ತದೆ.

ದೊಡ್ಡ ಟಯರಿನ ಆಸೆ

ಈಗ ಎರಡನೆಯವನ ಸಲಹೆ. ಅದೇ ಕಾರಿಗೆ ೨೦೫/೬೫ ಆರ್ ೧೫ ಅಳತೆಯ ಟಯರು ಹಾಕಿಸಿದನೆನ್ನೋಣ. ಅದರ ಹೊರವ್ಯಾಸ ಸುಮಾರು ೬೪೮ ಮಿಲಿಮೀಟರು, ಸುತ್ತಳತೆ ೨.೦೩ ಮೀಟರು, ಕಿಲೋಮೀಟರಿಗೆ ೪೯೨ ಸುತ್ತು. ಮೊದಲಿನದಕ್ಕಿಂತ ಗಾಲಿ ಶೇಕಡಾ ನಾಲ್ಕೂವರೆ ದೊಡ್ಡದಾಯಿತು. ಈಗ ತಪ್ಪು ತಿರುಗುಮುರುಗಾಗುತ್ತದೆ. ನಿಜವಾಗಿ ೪೦೦ ಕಿಲೋಮೀಟರು ಓಡಿದ ಕಾರು ೩೮೩ ಎಂದು ತೋರಿಸುತ್ತದೆ.

ಈ ಕಾರು ಹಿಂದೆ ೪೦೦ ಕಿಲೋಮೀಟರಿಗೆ ೨೦ ಲೀಟರು ಕುಡಿಯುತ್ತಿತ್ತು, ಎಂದರೆ ಲೀಟರಿಗೆ ೨೦. ದೊಡ್ಡ ಟಯರು ಹಾಕಿದ ಮೇಲೆ ಅದೇ ದೂರಕ್ಕೆ ಇಪ್ಪತ್ತೂವರೆ ಲೀಟರು ಹಿಡಿಯಿತೆಂದು ಊಹಿಸಿಕೊಳ್ಳಿ. ನಿಜವಾದ ಮೈಲೇಜು ೧೯.೫, ದೂರಮಾಪಕವನ್ನು ನಂಬಿದವನಿಗೆ ದೊರೆಯುವ ಅಂಕಿ ೧೮.೭. ಅರ್ಧ ಕಿಲೋಮೀಟರಿನ ನಷ್ಟ ಅವನ ಕಣ್ಣಿಗೆ ಒಂದೂಕಾಲು ಕಿಲೋಮೀಟರಾಗಿ ಕಾಣುತ್ತದೆ. ಬಾಡಿಗೆಯ ಕಾರಾದರೆ ಹದಿನೇಳು ಕಿಲೋಮೀಟರಿನ ಬಾಡಿಗೆಯೂ ಕೈಬಿಟ್ಟಂತೆಯೇ. ಇದಕ್ಕಿಂತ ಅಪಾಯದ ವಿಷಯ ವೇಗಮಾಪಕದ್ದು. ಅದು ೮೦ ಎಂದು ತೋರಿಸುವಾಗ ಗಾಲಿಯ ನಿಜ ವೇಗ ಮೊದಲಿಗಿಂತ ಮೂರೂವರೆ ಕಿಲೋಮೀಟರು ಹೆಚ್ಚಾಗಿರುತ್ತದೆ.

ಕಾರು ಕಟ್ಟುವವರು ಈ ವಿಷಯದಲ್ಲಿ ಎಷ್ಟು ಎಚ್ಚರಿಕೆ ವಹಿಸುತ್ತಾರೆಂಬುದಕ್ಕೆ ಒಂದು ಉದಾಹರಣೆ ಸಾಕು. ೧೪ ಅಂಗುಲದ ಚಕ್ರವಿರುವ ಕಾರಿನ ಮೇಲ್ದರ್ಜೆಯ ಮಾದರಿಗೆ ೧೫ ಅಂಗುಲದ ಚಕ್ರ ಕೊಡುವಾಗ ೧೮೫/೬೫ ಆರ್ ೧೫ ಟಯರನ್ನು ಬಳಸುವುದುಂಟು. ಲೆಕ್ಕ ಹಾಕಿ ನೋಡಿ: ಅದರ ಹೊರವ್ಯಾಸ ೬೨೧.೫ ಮಿಲಿಮೀಟರು, ಮೊದಲಿನದು ೬೧೯.೬. ಒಳಚಕ್ರ ಒಂದು ಅಂಗುಲ ಹಿಗ್ಗಿದರೂ ರಬ್ಬರಿನ ಗೋಡೆ ಕುಗ್ಗಿ, ನೆಲದ ಮೇಲೆ ಉರುಳುವ ಅಳತೆ ಹೆಚ್ಚುಕಡಮೆ ಇದ್ದಂತೆಯೇ ಉಳಿಯಿತು. ಆದುದರಿಂದ ಕಾರಿನ ಬಾಗಿಲ ಬಳಿಯ ಪಟ್ಟಿಯಲ್ಲಿ ಅಥವಾ ಕೈಪಿಡಿಯಲ್ಲಿ ಬರೆದ ಅಳತೆಯನ್ನು ಬಿಟ್ಟು ಹೋಗಬಾರದು.

ನೆಲ ಹಿಡಿಯುತ್ತದೆ, ಗಾಳಿ ತಡೆಯುತ್ತದೆ

ಅಳತೆಯ ಮೋಸ ಕಳೆದ ಮೇಲೆ ಉಳಿಯುವುದು ನಿಜವಾದ ಖರ್ಚು. ಕಾರು ಎಣ್ಣೆ ಕುಡಿಯುವುದೇಕೆ? ಸಮನೆಲದಲ್ಲಿ ಅದನ್ನು ಎರಡು ಶಕ್ತಿಗಳು ಹಿಂದಕ್ಕೆ ಎಳೆಯುತ್ತವೆ.

ಮೊದಲನೆಯದು ನೆಲ. ನಮ್ಮ ಎರೆಭೂಮಿಯ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಣಗಿದ ದಾರಿಯಲ್ಲಿ ಲೀಲಾಜಾಲವಾಗಿ ಉರುಳುವ ಚಕ್ಕಡಿ, ಒಂದು ಮಳೆ ಬಿದ್ದ ಮೇಲೆ ಕರಿಯ ಮಣ್ಣಿನಲ್ಲಿ ಎತ್ತುಗಳ ಕಣ್ಣಲ್ಲಿ ನೀರು ಬರಿಸುತ್ತದೆ. ಚಕ್ಕಡಿಯ ಗಾಲಿ ಆಳೆತ್ತರಕ್ಕೆ ಸಮೀಪಿಸುವಷ್ಟು ದೊಡ್ಡದಾಗಿರುವುದು ಅಲಂಕಾರಕ್ಕಲ್ಲ. ದೊಡ್ಡ ಗಾಲಿ ಕುಳಿಯೊಳಗೆ ಕಡಿಮೆ ಇಳಿಯುತ್ತದೆ, ಕಲ್ಲನ್ನು ಸುಲಭವಾಗಿ ಏರುತ್ತದೆ. ಬಾದಾಮಿಯ ಬಳಿಯ ಬನಶಂಕರಿಯ ಜಾತ್ರೆಯಲ್ಲಿ ತೇರನ್ನು ಎಳೆಯಲು ಹಗ್ಗಕ್ಕೆ ಕೈಹಚ್ಚಿದವರಿಗೂ ಇದು ಗೊತ್ತು. ಮೊದಲ ಉರುಳಿಗೆ ಬೇಕಾಗುವ ಬಲ ಒಂದು. ಒಮ್ಮೆ ಗಾಲಿ ಹೊರಳಿದ ಮೇಲೆ ಬೇಕಾಗುವ ಬಲ ಇನ್ನೊಂದು. ಬಾದಾಮಿ, ಬಾಗಲಕೋಟೆಗಳ ಮೂಲಕ ಗದಗ-ಹೋಟಗಿ ಮಾರ್ಗದಲ್ಲಿ ಹೋಗುವ ರೈಲು ಇದರ ಮತ್ತೊಂದು ತುದಿ. ಗಟ್ಟಿ ಉಕ್ಕಿನ ಗಾಲಿ ಗಟ್ಟಿ ಉಕ್ಕಿನ ಹಳಿಯ ಮೇಲೆ ಉರುಳುವಾಗ ಕುಗ್ಗುವುದು ಏನೂ ಇಲ್ಲ ಎಂಬಷ್ಟು ಅಲ್ಪ.

ಕಾರಿನ ಟಯರು ಇವೆರಡರ ನಡುವಿನದು. ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ ೧೮೪೫ರಲ್ಲಿಯೇ ಗಾಳಿ ತುಂಬಿದ ಟಯರಿಗೆ ಹಕ್ಕುಪತ್ರ ಪಡೆದಿದ್ದರೂ, ಅದನ್ನು ಬಳಕೆಗೆ ತಂದ ಕೀರ್ತಿ ೧೮೮೮ರಲ್ಲಿ ಮತ್ತೊಮ್ಮೆ ಕಂಡುಹಿಡಿದ ಜಾನ್ ಡನ್‌ಲಪ್ಪನಿಗೆ ಸಂದಿತು. ಗಾಳಿಯ ಟಯರು ರಸ್ತೆಯ ಕಲ್ಲನ್ನು ತನ್ನೊಳಗೆ ನುಂಗಿಕೊಳ್ಳುತ್ತದೆ. ಅದಕ್ಕಾಗಿ ತೆರುವ ಬೆಲೆಯೂ ಇದೆ. ನೆಲಕ್ಕೆ ತಾಗಿದ ಭಾಗ ಪ್ರತಿ ಸುತ್ತಿನಲ್ಲಿಯೂ ಚಪ್ಪಟೆಯಾಗಿ ಮತ್ತೆ ಉಬ್ಬುತ್ತದೆ. ಉಬ್ಬುವಾಗ ರಬ್ಬರು ತಾನು ಪಡೆದ ಶಕ್ತಿಯನ್ನೆಲ್ಲ ಹಿಂದಿರುಗಿಸದೆ ಒಂದಂಶವನ್ನು ಬಿಸಿಯಾಗಿ ಕಳೆದುಬಿಡುತ್ತದೆ. ದೂರ ಓಡಿಬಂದ ಕಾರಿನ ಟಯರು ಬೆಚ್ಚಗಿರುವುದು ಬಿಸಿಲಿನಿಂದ ಮಾತ್ರವಲ್ಲ; ಅಲ್ಲಿ ನಮ್ಮ ಎಣ್ಣೆಯೂ ಉರಿದಿದೆ.

ಒಳ್ಳೆಯ ಡಾಂಬರು ರಸ್ತೆಯಲ್ಲಿ ಈ ತಡೆ ವಾಹನದ ತೂಕದ ನೂರರಲ್ಲಿ ಒಂದಂಶದಷ್ಟು. ಜನರನ್ನೂ ಸೇರಿಸಿ ೧೨೦೦ ಕಿಲೋಗ್ರಾಂ ತೂಗುವ ಕಾರಿಗೆ ಇದು ೧೨ ಕಿಲೋಗ್ರಾಂ ಭಾರವನ್ನು ಎತ್ತಿ ಹಿಡಿಯುವ ಬಲಕ್ಕೆ ಸಮ. ಮೆದು ಮಣ್ಣಿನಲ್ಲಿ ಇದು ಐದು ಪಾಲು, ಇನ್ನೂ ಹೆಚ್ಚು ಆದೀತು. ಟಯರಿನಲ್ಲಿ ಗಾಳಿ ಕಡಿಮೆಯಿದ್ದರೆ ಚಪ್ಪಟೆಯಾಗುವ ಭಾಗ ದೊಡ್ಡದಾಗಿ ತಡೆ ಏರುತ್ತದೆ. ನಾಲ್ಕೂ ಟಯರುಗಳ ಒತ್ತಡ ಒಂದು ಪೌಂಡು ಇಳಿದರೆ ಮೈಲೇಜು ಶೇಕಡಾ ೦.೨ರಷ್ಟು ಇಳಿಯುವುದೆಂದು ಅಮೆರಿಕದ ಇಂಧನ ಇಲಾಖೆ ಲೆಕ್ಕ ಕಟ್ಟಿದೆ. ಎಂಟು ಪೌಂಡು ಇಳಿದರೆ ಶೇಕಡಾ ಒಂದೂವರೆಗೆ ಮೀರಿದ ನಷ್ಟ. ಅದರೊಂದಿಗೆ ಟಯರಿನ ಅಂಚು ಸವೆಯುವುದು ಬೇರೆ. ಬಾಗಲಕೋಟೆಯ ಬೇಸಗೆಯಲ್ಲಿ ಒಂದು ಎಚ್ಚರ ಅಗತ್ಯ. ಓಡಿ ಬಿಸಿಯಾದ ಟಯರಿನಲ್ಲಿ ಒತ್ತಡ ಹೆಚ್ಚಾಗಿಯೇ ಕಾಣುತ್ತದೆ. ಅದನ್ನು ನೋಡಿ ಗಾಳಿ ಬಿಡಬಾರದು. ಬೆಳಗ್ಗೆ ಹೊರಡುವ ಮುನ್ನ, ಟಯರು ತಣ್ಣಗಿರುವಾಗ ಅಳೆಯಬೇಕು. ಇಳಕಲ್ಲಿನ ಕೆಂಪು ಗ್ರಾನೈಟ್ ಬಂಡೆ ಹೊತ್ತು ಹೋಗುವ ಲಾರಿಗೆ ಈ ಮಾತು ಕಾರಿಗಿಂತ ಹತ್ತುಪಾಲು ಸಲ್ಲುತ್ತದೆ. ಏಕೆಂದರೆ ನೆಲದ ತಡೆ ತೂಕದೊಂದಿಗೆ ಏರುತ್ತದೆ.

ಎರಡನೆಯ ಶತ್ರು ಗಾಳಿ. ನಿಧಾನವಾಗಿ ಹೋಗುವವನಿಗೆ ಇದು ಮಿತ್ರನಂತೆ ಸುಮ್ಮನಿರುತ್ತದೆ. ವೇಗ ಏರಿದಂತೆ ವೇಗದ ವರ್ಗದಷ್ಟು ಮುನಿಯುತ್ತದೆ. ನಮ್ಮ ಸಣ್ಣ ಕಾರಿನ ಮೇಲೆ ಗಂಟೆಗೆ ೪೦ ಕಿಲೋಮೀಟರಿನಲ್ಲಿ ಗಾಳಿಯ ತಡೆ ಸುಮಾರು ೫ ಕಿಲೋಗ್ರಾಂ ಬಲ, ೬೦ರಲ್ಲಿ ೧೧ಕ್ಕೂ ಹೆಚ್ಚು, ಎಂದರೆ ನೆಲ ಮತ್ತು ಗಾಳಿ ಸರಿಸಮ, ೮೦ರಲ್ಲಿ ೨೦, ೧೦೦ರಲ್ಲಿ ೩೧ಕ್ಕಿಂತ ಹೆಚ್ಚು. ಹುನಗುಂದದಿಂದ ಇಳಕಲ್ಲಿಗೆ ಹನ್ನೆರಡು ಹದಿಮೂರು ಕಿಲೋಮೀಟರಿನ ಹೆದ್ದಾರಿ. ಅದನ್ನು ೮೦ರ ಬದಲು ೧೦೦ರ ವೇಗದಲ್ಲಿ ಓಡಿಸಿದರೆ ಉಳಿಯುವುದು ಎರಡು ನಿಮಿಷ. ಆ ಎರಡು ನಿಮಿಷಕ್ಕಾಗಿ ಗಾಳಿಗೆ ಕೊಡುವ ಕಪ್ಪ ಒಂದೂವರೆ ಪಾಲಿಗೆ ಏರುತ್ತದೆ.

ಎಂಜಿನೆಂಬ ಎತ್ತು

ನೆಲ ಮತ್ತು ಗಾಳಿಗಳ ಲೆಕ್ಕವನ್ನು ಕೂಡಿಸಿದರೆ ಒಂದು ಆಶ್ಚರ್ಯ ಹೊರಬೀಳುತ್ತದೆ. ೬೦ರ ವೇಗದಲ್ಲಿ ೧೦೦ ಕಿಲೋಮೀಟರು ಹೋಗಲು ಗಾಲಿಗೆ ಬೇಕಾಗುವ ಶಕ್ತಿ ಮುಕ್ಕಾಲು ಲೀಟರು ಪೆಟ್ರೋಲಿನಲ್ಲಿ ಅಡಗಿದೆ! ಆದರೂ ಟ್ಯಾಂಕಿನಿಂದ ಇಳಿಯುವುದು ಮೂರು ನಾಲ್ಕು ಲೀಟರು. ಉಳಿದದ್ದು ಎಲ್ಲಿ ಹೋಯಿತು? ಬಹುಪಾಲು ಬಿಸಿಯಾಗಿ ಹೊಗೆಕೊಳವೆಯಿಂದಲೂ ರೇಡಿಯೇಟರಿನಿಂದಲೂ ಹೊರಟುಹೋಯಿತು. ಒಂದಂಶ ಎಂಜಿನು ತನ್ನನ್ನು ತಾನೇ ತಿರುಗಿಸಿಕೊಳ್ಳಲು ವ್ಯಯವಾಯಿತು.

ಈ ಎರಡನೆಯ ಅಂಶವೇ ಎಂಜಿನಿನ ವೇಗದ ರಹಸ್ಯ. ಎಂಜಿನನ್ನು ಒಂದು ಜೋಡಿ ಎತ್ತು ಎಂದುಕೊಳ್ಳಿ. ಚಕ್ಕಡಿಯಲ್ಲಿ ಹತ್ತು ಚೀಲವಿರಲಿ, ಒಂದೇ ಚೀಲವಿರಲಿ, ಎತ್ತು ನಡೆದರೆ ಅದಕ್ಕೆ ಮೇವು ಬೇಕು. ಪಿಸ್ಟನ್ನುಗಳು ಉಜ್ಜುವ, ಬೇರಿಂಗುಗಳು ತಿರುಗುವ, ಕೀಲೆಣ್ಣೆಯನ್ನು ಕಲಕುವ ಖರ್ಚು ಪ್ರತಿ ಸುತ್ತಿಗೂ ತಪ್ಪದು. ನಿಂತ ಕಾರಿನಲ್ಲಿ ಎಂಜಿನು ಸುಮ್ಮನೆ ಓಡುತ್ತಿದ್ದರೂ ಗಂಟೆಗೆ ಅರ್ಧದಿಂದ ಒಂದು ಲೀಟರು ಹೋಗುವುದು ಇದಕ್ಕಾಗಿಯೇ. ಪೆಟ್ರೋಲು ಎಂಜಿನಿಗೆ ಇನ್ನೊಂದು ಕಷ್ಟವುಂಟು. ವೇಗವರ್ಧಕವನ್ನು ಸ್ವಲ್ಪವೇ ಒತ್ತಿದಾಗ ಗಾಳಿಯ ಬಾಗಿಲು ಅರೆ ಮುಚ್ಚಿರುತ್ತದೆ. ಎಂಜಿನು ಆ ಕಿರಿದಾದ ಸಂದಿನಿಂದ ಉಸಿರೆಳೆಯಲು ಶ್ರಮಪಡುತ್ತದೆ. ಹೀಗಾಗಿ, ಒಂದೇ ಕೆಲಸವನ್ನು ಹೆಚ್ಚು ಸುತ್ತು ತಿರುಗಿ ಅರೆಬಾಗಿಲಿನಿಂದ ಮಾಡುವುದಕ್ಕಿಂತ, ಕಡಿಮೆ ಸುತ್ತು ತಿರುಗಿ ಬಾಗಿಲನ್ನು ಹೆಚ್ಚು ತೆರೆದು ಮಾಡಿದರೆ ಎಣ್ಣೆ ಉಳಿಯುತ್ತದೆ. ಅರೆಗಾಡಿ ಹೊತ್ತು ಎರಡು ಸಲ ಸಂತೆಗೆ ಹೋಗುವುದಕ್ಕಿಂತ ತುಂಬಿದ ಗಾಡಿಯಲ್ಲಿ ಒಂದೇ ಸಲ ಹೋಗುವುದು ಲೇಸಲ್ಲವೇ? ಡೀಸೆಲ್ ಎಂಜಿನಿಗೆ ಇಂಥ ಬಾಗಿಲಿನ ಬಾಧೆ ಅಷ್ಟಾಗಿ ಇಲ್ಲ. ಅದರ ಮಿತವ್ಯಯಕ್ಕೆ ಇದೂ ಒಂದು ಕಾರಣ.

ಆದರೆ ಇದಕ್ಕೂ ಮಿತಿಯುಂಟು. ಏರಿನಲ್ಲಿ ಮೇಲಿನ ಗೇರನ್ನೇ ಹಿಡಿದು ಕೂತರೆ ಎಂಜಿನು ನಡುಗುತ್ತದೆ, ಒಳಗೆ ಬಡಿದ ಸದ್ದಾಗುತ್ತದೆ. ಅದು ಎತ್ತು ಮಂಡಿಯೂರಿದಂತೆ. ಆಗ ಬಾರಿಸಿದರೆ ಪ್ರಯೋಜನವಿಲ್ಲ, ಭಾರವನ್ನು ಇಳಿಸಬೇಕು, ಎಂದರೆ ಕೆಳಗಿನ ಗೇರಿಗೆ ಬರಬೇಕು. ಮೋಟಾರು ಚರಿತ್ರೆಯ ಮೊದಲ ದೂರಪ್ರಯಾಣವೇ ಈ ಪಾಠ ಕಲಿಸಿತು. ೧೮೮೮ರಲ್ಲಿ ಬೆರ್ಥಾ ಬೆಂಜ್ ಎಂಬ ಗೃಹಿಣಿ ತನ್ನ ಇಬ್ಬರು ಗಂಡುಮಕ್ಕಳೊಡನೆ ಜರ್ಮನಿಯ ಮಾನ್‌ಹೈಮಿನಿಂದ ಪ್ಫೋರ್ಟ್ಸ್‌ಹೈಮಿಗೆ, ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿಯನ್ನು, ಪತಿ ಕಾರ್ಲ್ ಬೆಂಜ್ ನಿರ್ಮಿಸಿದ ಮೂರು ಗಾಲಿಯ ಗಾಡಿಯಲ್ಲಿ ಕ್ರಮಿಸಿದಳು. ದಾರಿಯಲ್ಲಿ ಇಂಧನ ಮುಗಿದಾಗ ಔಷಧದ ಅಂಗಡಿಯಲ್ಲಿ ಕೊಂಡಳು. ಏರುಗಳಲ್ಲಿ ಮಕ್ಕಳು ಇಳಿದು ತಳ್ಳಬೇಕಾಯಿತು. ಏರಿಗಾಗಿ ಮತ್ತೊಂದು ಕೆಳ ಗೇರು ಬೇಕೆಂಬ ತಿಳಿವಳಿಕೆಯೊಂದಿಗೆ ಆಕೆ ಮನೆಗೆ ಮರಳಿದಳು.

ಟಯರು ಮಾಡುವ ಕೆಲಸ, ಗೇರು ಮಾಡುವ ಕೆಲಸ

ಈಗ ಎರಡನೆಯ ಚಾಲಕನಿಗೆ ಉತ್ತರ ಹೇಳಬಹುದು. ದೊಡ್ಡ ಟಯರಿನಿಂದ ಎಂಜಿನು ಕಡಿಮೆ ತಿರುಗುವುದು ನಿಜ. ಗಾಲಿಯು ಗೇರುಗಳ ಸರಪಳಿಯ ಕೊನೆಯ ಕೊಂಡಿ. ಕಡೆಯ ಗೇರಿನಲ್ಲಿ ಗಾಲಿಯ ಒಂದು ಸುತ್ತಿಗೆ ಎಂಜಿನು ಮೂರೂವರೆ ಸುತ್ತು ತಿರುಗುವ ಕಾರನ್ನು ತೆಗೆದುಕೊಳ್ಳೋಣ. ೮೦ರ ವೇಗದಲ್ಲಿ ಮೂಲ ಟಯರಿನೊಂದಿಗೆ ಎಂಜಿನಿನ ವೇಗ ನಿಮಿಷಕ್ಕೆ ೨೪೦೦ ಸುತ್ತು. ದೊಡ್ಡ ಟಯರಿನೊಂದಿಗೆ ೨೩೦೦. ಉಳಿದದ್ದು ನೂರು ಸುತ್ತು.

ಅದೇ ಕಾರನ್ನು ಅದೇ ವೇಗದಲ್ಲಿ ನಾಲ್ಕನೆಯ ಗೇರಿನಲ್ಲಿ, ಗಾಲಿಯ ಸುತ್ತಿಗೆ ಎಂಜಿನಿನ ನಾಲ್ಕೂವರೆ ಸುತ್ತಿನಂತೆ, ಓಡಿಸಿದರೆ ಎಂಜಿನು ಸುಮಾರು ೩೧೦೦ ಸುತ್ತು ತಿರುಗುತ್ತದೆ. ಎಂದರೆ ಸಾವಿರಾರು ರೂಪಾಯಿ ಕೊಟ್ಟು ತಂದ ಟಯರು ಮಾಡುವ ಕೆಲಸದ ಆರು ಪಾಲನ್ನು ಎಡಗೈಯ ಅಳತೆಯಲ್ಲಿರುವ ಗೇರಿನ ಹಿಡಿ ಕಾಸಿಲ್ಲದೆ ಮಾಡುತ್ತದೆ! ದೊಡ್ಡ ಟಯರು ತರುವ ಲಾಭದಿಂದ ಅದರ ಹೆಚ್ಚಿನ ತೂಕ, ಹೆಚ್ಚಿನ ಅಗಲ, ಗಾಳಿಗೆ ಒಡ್ಡುವ ಹೆಚ್ಚಿನ ಮೈ ಇವೆಲ್ಲವನ್ನೂ ಕಳೆಯಬೇಕು. ಊರಿನ ಸಂತೆಬೀದಿಯಲ್ಲಿ ನಿಂತು ನಿಂತು ಹೊರಡುವಾಗ ಭಾರವಾದ ಗಾಲಿಯನ್ನು ಪ್ರತಿ ಸಲವೂ ಮೊದಲಿನಿಂದ ತಿರುಗಿಸಬೇಕು. ಏರು ಬಂದೊಡನೆ ಎಂಜಿನಿಗೆ ಹಿಡಿತ ಸಾಲದೆ ಕೆಳ ಗೇರಿಗೆ ಇಳಿಯಬೇಕು. ಉಳಿದ ನೂರು ಸುತ್ತು ಅಲ್ಲಿ ಬಡ್ಡಿಸಹಿತ ಹಿಂದಿರುಗಿ ಹೋಗುತ್ತದೆ. ಆದುದರಿಂದಲೇ ದೊಡ್ಡ ಟಯರಿನಿಂದ ಮೈಲೇಜು ಹೆಚ್ಚುವುದಕ್ಕಿಂತ ಕುಗ್ಗುವುದೇ ಹೆಚ್ಚು ಸಾಮಾನ್ಯ.

ಮೂರನೆಯವನ "ಎಲ್ಲವೂ ಕಾಲಿನಲ್ಲಿದೆ" ಎಂಬ ಮಾತೂ ಈಗ ಅರ್ಥವಾಗುತ್ತದೆ. ನಿಧಾನ ಹೋದಷ್ಟೂ ಉಳಿತಾಯ ಎಂದಲ್ಲ; ತೀರ ನಿಧಾನವಾದರೆ ಕೆಳ ಗೇರು ಬೇಕಾಗಿ ಎಂಜಿನಿನ ಮೇವಿನ ಖರ್ಚು ದಾರಿಯ ಮೇಲೆ ಹೇರುತ್ತದೆ. ಎಂಜಿನು ನಡುಗದಂತೆ ಕಡೆಯ ಗೇರನ್ನು ಹಿಡಿಯಬಲ್ಲ, ಗಾಳಿಯು ಮುನಿಯದಂಥ ನಡುವಿನ ವೇಗವೇ ಉತ್ತಮ. ೧೯೭೮ರಲ್ಲಿ ಸ್ಥಾಪಿತವಾದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘವು ಗಂಟೆಗೆ ೪೫ರಿಂದ ೫೫ ಕಿಲೋಮೀಟರಿನ ವೇಗವನ್ನು ಬಹುಕಾಲದಿಂದ ಬೋಧಿಸುತ್ತ ಬಂದಿರುವುದು ಈ ಲೆಕ್ಕದಿಂದಲೇ.

ಇಳಿಜಾರಿನ ದುರಾಸೆ

ಇಲ್ಲಿ ಒಂದು ಕೆಟ್ಟ ಅಭ್ಯಾಸವನ್ನು ಹೇಳದೆ ಮುಂದೆ ಹೋಗಲಾಗದು. ಇಳಿಜಾರು ಬಂದೊಡನೆ ಗೇರು ತಪ್ಪಿಸಿ, ಕೆಲವರು ಎಂಜಿನನ್ನೇ ಆರಿಸಿ, ಗಾಡಿಯನ್ನು ತಾನಾಗಿ ಉರುಳಬಿಡುತ್ತಾರೆ. ಹಳೆಯ ಕಾರ್ಬ್ಯುರೇಟರಿನ ಕಾಲದಲ್ಲಿ ಇದರಿಂದ ಒಂದೆರಡು ಚಮಚ ಎಣ್ಣೆ ಉಳಿದಿದ್ದೀತು. ಇಂದಿನ ಇಂಜೆಕ್ಷನ್ ಎಂಜಿನುಗಳಲ್ಲಿ ಗೇರಿನಲ್ಲಿದ್ದು ವೇಗವರ್ಧಕದಿಂದ ಕಾಲೆತ್ತಿದರೆ ಇಂಧನದ ಹರಿವು ಸಂಪೂರ್ಣ ನಿಲ್ಲುತ್ತದೆ. ಗಾಲಿಯೇ ಎಂಜಿನನ್ನು ತಿರುಗಿಸುತ್ತದೆ. ಗೇರು ತಪ್ಪಿಸಿದರೆ ಎಂಜಿನು ತನ್ನ ಉಸಿರಿಗಾಗಿ ಮತ್ತೆ ಎಣ್ಣೆ ಕುಡಿಯತೊಡಗುತ್ತದೆ. ಉಳಿತಾಯವೆಂದು ಮಾಡಿದ್ದೇ ಖರ್ಚಾಯಿತು. ಎಂಜಿನನ್ನು ಆರಿಸಿದರಂತೂ ಬ್ರೇಕಿಗೂ ಚುಕ್ಕಾಣಿಗೂ ದೊರೆಯುವ ಯಂತ್ರದ ನೆರವು ತಪ್ಪುತ್ತದೆ. ಭಾರ ಹೊತ್ತ ಲಾರಿಯ ಬ್ರೇಕು ಕಾದು ಕೈಕೊಡುವುದು ಇಂಥ ಇಳಿಜಾರಿನಲ್ಲಿಯೇ. ಹಿಂದೆ ಕುಳಿತ ಯಾತ್ರಿಕರ ಕುಟುಂಬ ಆ ಚಮಚ ಎಣ್ಣೆಗಿಂತ ಬೆಲೆಯುಳ್ಳದ್ದು.

ಕಲ್ಲು ಸುಳ್ಳಾಡದು

ಹಾಗಾದರೆ ತನ್ನ ಕಾರಿನ ನಿಜವಾದ ಮೈಲೇಜನ್ನು ಚಾಲಕನು ತಿಳಿಯುವುದು ಹೇಗೆ? ಅದಕ್ಕೆ ಪ್ರಯೋಗಶಾಲೆ ಬೇಡ. ಹೆದ್ದಾರಿಯ ಬದಿಯಲ್ಲಿ ಸಾಲಾಗಿ ನಿಂತ ಕಿಲೋಮೀಟರು ಕಲ್ಲುಗಳೇ ಸಾಕು. ಹುನಗುಂದ, ಇಳಕಲ್ಲುಗಳ ನಡುವಿನ ರಸ್ತೆಯಂಥ ಒಂದು ದಾರಿಯಲ್ಲಿ ಹತ್ತು ಕಲ್ಲುಗಳ ಅಂತರವನ್ನು ದೂರಮಾಪಕದೊಂದಿಗೆ ಹೋಲಿಸಿ ನೋಡಬೇಕು. ಕಲ್ಲು ಹತ್ತು ಎಂದಾಗ ಮಾಪಕ ಹತ್ತು ಬಿಂದು ಎರಡು ಎಂದರೆ, ನೂರಕ್ಕೆ ಎರಡರ ತಪ್ಪನ್ನು ಕಳೆದು ಲೆಕ್ಕ ಹಾಕಬೇಕು. ಎಲ್ಲಿಯೋ ಒಂದು ಕಲ್ಲು ಸ್ಥಳ ತಪ್ಪಿರಬಹುದು; ಹತ್ತು ಕಲ್ಲುಗಳ ಮೊತ್ತ ಅಷ್ಟಾಗಿ ತಪ್ಪದು.

ಬಳಿಕ ಟ್ಯಾಂಕನ್ನು ಪೂರ್ಣ ತುಂಬಿಸಿ, ಮುನ್ನೂರು ನಾನ್ನೂರು ಕಿಲೋಮೀಟರು ಓಡಿಸಿ, ಅದೇ ಬಂಕಿನಲ್ಲಿ ಅದೇ ಮಟ್ಟಕ್ಕೆ ಮತ್ತೆ ತುಂಬಿಸಬೇಕು. ತುಂಬಿದ ಲೀಟರುಗಳಿಂದ ತಿದ್ದಿದ ದೂರವನ್ನು ಭಾಗಿಸಿದರೆ ಬರುವುದೇ ನಿಜವಾದ ಅಂಕಿ. ಒಂದು ಸಲದ ಅಂಕಿಯಿಂದ ತೀರ್ಮಾನಿಸಬಾರದು. ಎದುರುಗಾಳಿ, ಹೇರು, ತಂಪುಯಂತ್ರದ ಬಳಕೆ ಇವೆಲ್ಲ ದಿನದಿನಕ್ಕೆ ಬದಲಾಗುತ್ತವೆ. ಮೂರು ನಾಲ್ಕು ಸಲದ ಸರಾಸರಿ ಬೇಕು. ಇಂಧನವೂ ಬದಲಾಗಿದೆಯೆಂಬುದನ್ನು ನೆನಪಿಡಬೇಕು. ಪೆಟ್ರೋಲಿಗೆ ಶೇಕಡಾ ೨೦ ಎಥೆನಾಲು ಬೆರೆಸುವ ಗುರಿಯನ್ನು ಭಾರತವು ೨೦೨೫ರಲ್ಲಿ ಮುಟ್ಟಿತು. ಕಬ್ಬು ಬೆಳೆಯುವ ಈ ಜಿಲ್ಲೆಗೆ ಅದು ಒಳ್ಳೆಯ ಸುದ್ದಿಯಾದರೂ, ಎಥೆನಾಲಿನ ಒಂದು ಲೀಟರಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಆದುದರಿಂದ ಬೆರೆಕೆಯ ಲೀಟರಿನಲ್ಲಿ ಶಕ್ತಿ ಶೇಕಡಾ ಆರೇಳರಷ್ಟು ಕಡಿಮೆ. ಹತ್ತು ವರ್ಷದ ಹಿಂದಿನ ಅಂಕಿಯೊಂದಿಗೆ ಇಂದಿನದನ್ನು ಹೋಲಿಸಿ ಟಯರನ್ನು ಶಪಿಸುವುದು ನ್ಯಾಯವಲ್ಲ.

ನಮ್ಮ ದೇಶ ೧೯೫೬ರ ಕಾನೂನಿನಿಂದ ಮೈಲಿಗಳನ್ನು ಬಿಟ್ಟು ಕಿಲೋಮೀಟರುಗಳಿಗೆ ಹೊರಳಿತು. 'ಮೈಲೇಜು' ಎಂಬ ಮಾತು ಮಾತ್ರ ಉಳಿದುಬಿಟ್ಟಿತು. ಮಾತು ಹಳೆಯದಾಗಿದ್ದರೆ ಕೇಡಿಲ್ಲ; ಅಳತೆ ಹುಸಿಯಾಗಿರಬಾರದು.

ಸಂಜೆಯ ಹೊತ್ತಿಗೆ ನಮ್ಮ ಬಾಡಿಗೆಯ ಕಾರು ಇಳಕಲ್ಲನ್ನು ಮುಟ್ಟುತ್ತದೆ. ಪ್ರವಾಸಿಗರು ಸೀರೆಯ ಅಂಗಡಿ ಹೊಗುತ್ತಾರೆ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸುವ ನೇಕಾರನಿಗೆ ಒಂದೊಂದು ಎಳೆಯ ಲೆಕ್ಕವೂ ಗೊತ್ತು. ನೂಲು ಎಷ್ಟು ಹೋಯಿತು, ಬಟ್ಟೆ ಎಷ್ಟು ಬಂತು ಎಂದು ನೋಡುವ ಮುನ್ನ ಅವನು ತನ್ನ ಅಳತೆಕೋಲು ಸರಿಯಿದೆಯೇ ಎಂದು ನೋಡುತ್ತಾನೆ. ಕೋಲು ಮೋಟಾದರೆ ಸೀರೆ ಉದ್ದವಾಗದು. ಹೊರಗೆ ಕಾರಿಗೆ ಒರಗಿ ನಿಂತ ಚಾಲಕನ ಅಳತೆಕೋಲು ಅವನ ನಾಲ್ಕು ಗಾಲಿಗಳು. ಅವನ್ನು ಸರಿಯಾಗಿ ಇಟ್ಟುಕೊಂಡು, ಗೇರನ್ನು ಅರಿತು ಹಾಕಿ, ಗಾಳಿಯೊಂದಿಗೆ ಜಗಳವಾಡದೆ ನಡೆಸಿದರೆ ಲೀಟರಿಗೆ ಎಷ್ಟು ಎಂಬ ಪ್ರಶ್ನೆಗೆ ಮರದ ನೆರಳಿನಲ್ಲಿ ಎದೆ ತಟ್ಟಿ ಉತ್ತರ ಹೇಳಬಹುದು. ಆ ಉತ್ತರ ಪಕ್ಕದವನದಕ್ಕಿಂತ ಒಂದು ಅಂಕಿ ಕಡಿಮೆಯಿದ್ದರೂ ಚಿಂತೆಯಿಲ್ಲ, ಅದು ನಿಜವಾದದ್ದು.